ಹತ್ತೂವರೆ: ಹಾಯಿ ಮನೆ, ಪ್ರವೇಶ ಉಚಿತ

ಆ ಮನೆಯೊಳಗೆ ಕಾಲಿಟ್ಟ ಕೂಡಲೇ ಅವನು ದನಿ ತಗ್ಗಿಸಿದ. ಜೊತೆಗೆ ಯಾರೂ ಇಲ್ಲದ್ದರಿಂದ ತಗ್ಗಿಸಲು ದನಿಯೇ ಇರಲಿಲ್ಲ. ಆದರೂ ಕೆಮ್ಮು ಬಂದಾಗ ಅಂಗೈ ಅಡ್ಡ ಹಿಡಿದು ಮೆಲ್ಲಗೆ ಕೆಮ್ಮಿದ. ವಸ್ತುಸಂಗ್ರಹಾಲಯದಲ್ಲಿ ಹೇಗೆ ನಡೆದುಕೊಳ್ಳಬೇಕೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದ ಸಂಗತಿ ಒಂದೇ, ಅದು ವಸ್ತುಸಂಗ್ರಹಾಲಯವಲ್ಲ ಎಂಬುದು.

ಅವನ ಪರವಾಗಿ ವಾದಿಸುವುದಿದ್ದರೆ ವಾದಿಸಬಹುದು. ಹಳೇ ಬಂದರಿನ ಓಣಿಯಲ್ಲಿ ಬಾಗಿಲು ಹಾರು ಹೊಡೆದಿದ್ದ ಮನೆ. ಒಳಗೆ ರೈಲು ಡಬ್ಬಿಯಂತೆ ಉದ್ದಕ್ಕೆ ಒಂದೇ ಕೋಣೆ. ಗೋಡೆಯ ತುಂಬ ಮೊಳೆಗೊಂದರಂತೆ ತೂಗುಬಿದ್ದ ಸಲಕರಣೆಗಳು. ನೆಲದುದ್ದಕ್ಕೂ ಹಾಸಿದ ದಪ್ಪ ಕ್ಯಾನ್ವಾಸು; ಅದರ ಪಕ್ಕ ಎರಡು ಸ್ಟೂಲುಗಳ ನಡುವೆ, ಜನರನ್ನು ತಡೆಯುವುದಕ್ಕೇ ಕಟ್ಟಿದಂತೆ, ಬಿಗಿದು ನಿಲ್ಲಿಸಿದ ಹಗ್ಗ. ಹಗ್ಗದ ಆಚೆ ಗಿಡ್ಡ ಬೆಂಚಿನ ಮೇಲೆ ನರೆಗೂದಲ ಹೆಂಗಸಿನ ಮೇಣದ ಬೊಂಬೆ, ಕೈಯಲ್ಲಿ ದಬ್ಬಳ ಹಿಡಿದು ಬಟ್ಟೆಯನ್ನೇ ನೋಡುತ್ತ ಕೂತಿತ್ತು. ಮಾಡಿದವನು ಎಂಥ ಕಸುಬುದಾರನೋ, ಬೆರಳ ಸಂದಿಯ ಬಿರುಕುಗಳನ್ನೂ ಬಿಟ್ಟಿರಲಿಲ್ಲ. ಅವನು ಹಗ್ಗದ ಮೇಲೆ ಬಾಗಿ, ಬೊಂಬೆಯ ಬೆರಳಿಗೆ ಗೇಣು ದೂರದವರೆಗೆ ಮೂಗನ್ನು ತಂದ.

"ಬೆಳಕಿಗೆ ಅಡ್ಡ ನಿಂತಿದ್ದೀಯ," ಅಂದಿತು ಬೊಂಬೆ.

ಇಷ್ಟಾದ ಮೇಲಾದರೂ ಮನುಷ್ಯನಿಗೆ ಬುದ್ಧಿ ಬರಬೇಕಿತ್ತು. ಅವನಿಗೆ ಬಂದದ್ದು ಬೇರೆಯೇ ಯೋಚನೆ: ಓಹೋ, ಬೊಂಬೆ ಇಡುವ ಬದಲು ಸಂಬಳ ಕೊಟ್ಟು ಜನರನ್ನೇ ಕೂರಿಸಿದ್ದಾರೆ, ಹಳೇ ಕಸುಬನ್ನು ಮಾಡಿ ತೋರಿಸಲಿ ಅಂತ. ಮೆಚ್ಚಿ ತಲೆಯಾಡಿಸಿದ. ಹೊರಡುವಾಗ ಕಿಟಕಿಕಟ್ಟೆಯ ಮೇಲೆ ಪೆನ್ಸಿಲು ಸಿಕ್ಕಿಸಿದ ಉದ್ದನೆಯ ಪುಸ್ತಕ ಕಂಡಿತು. ಅಭಿಪ್ರಾಯ ಬರೆಯುವುದಕ್ಕೆ, ಇನ್ನೇನು. ದುಂಡಗೆ ಬರೆದ: 'ತುಂಬಾ ಚೆನ್ನಾಗಿದೆ. ಬೆಳಕು ಇನ್ನೂ ಸ್ವಲ್ಪ ಇದ್ದರೆ ಒಳ್ಳೆಯದು.' ಬೆಳಕಿಗೆ ಅಡ್ಡ ನಿಂತವನು ತಾನೇ ಎಂಬುದು ಆಗ ನೆನಪಾಗಲಿಲ್ಲ. ಕೆಳಗೆ ಸಹಿ, ಹುದ್ದೆ, ಆಫೀಸಿನ ವಿಳಾಸ, ದಿನಾಂಕ.

ಹುದ್ದೆ ಎಂದರೆ ಪ್ರವಾಸದ ಕಂಪನಿಯೊಂದರಲ್ಲಿ ಯೋಜನಾ ಸಹಾಯಕ. ವಾರವೆಲ್ಲ ದುಡಿದು ಶನಿವಾರ ಭಾನುವಾರಕ್ಕೆ ಊರು ಬಿಟ್ಟು ಓಡುವವರು ಎಲ್ಲಿ, ಯಾವಾಗ, ಎಷ್ಟು ನಿಮಿಷ ಖುಷಿಪಡಬೇಕೆಂದು ಪಟ್ಟಿ ಬರೆದುಕೊಡುವ ಕೆಲಸ. ಆಫೀಸಿನಲ್ಲಿ ಅವನನ್ನು ಕರೆಯುತ್ತಿದ್ದದ್ದೇ ನಿಮಿಷಪ್ಪ ಎಂದು. ಅವನ ಪಟ್ಟಿಯಲ್ಲಿ ಸೂರ್ಯಾಸ್ತಕ್ಕೆ ಹದಿನೈದು ನಿಮಿಷ. ತಡವಾದರೆ ಅದು ಸೂರ್ಯನ ತಪ್ಪು. ಮೂರು ವರ್ಷದಲ್ಲಿ ಹದಿನಾಲ್ಕು ಊರುಗಳಿಗೆ ಪಟ್ಟಿ ಬರೆದಿದ್ದ, ಹದಿಮೂರನ್ನು ಕಣ್ಣಿಂದ ಕಂಡಿರಲಿಲ್ಲ. ಅವನ ಸ್ವಂತ ಶನಿವಾರಗಳು ಬಟ್ಟೆ ಒಗೆಯುವುದರಲ್ಲೂ ಭಾನುವಾರಗಳು ಅದು ಒಣಗಿಲ್ಲವೆಂದು ಮಲಗುವುದರಲ್ಲೂ ಮುಗಿಯುತ್ತಿದ್ದವು. ಕಂಡ ಒಂದೇ ಊರು ಈ ಬಂದರು, ಕಂಡದ್ದೂ ಹೀಗೆ.

ವಾಪಸು ಬಂದು ಪಟ್ಟಿಗೆ ಸೇರಿಸಿದ: 'ಶನಿವಾರ ಹತ್ತೂವರೆ: ಹಾಯಿ ಮನೆ. ಹಳೇ ಕಸುಬಿನ ಜೀವಂತ ಪ್ರದರ್ಶನ. ಇಪ್ಪತ್ತು ನಿಮಿಷ. ಪ್ರವೇಶ ಉಚಿತ.' ಕೋಟೆ, ಸುಂಕದಕಟ್ಟೆ, ದೀಪಸ್ತಂಭ ಎಲ್ಲವನ್ನೂ ಹಿಂದೆ ಹಾಕಿ ಜನರಿಗೆ ಹಿಡಿಸಿದ್ದು ಇದೇ. ಮ್ಯಾನೇಜರು ಬೆನ್ನು ತಟ್ಟಿದರು. ಅವನು ಎರಡು ದಿನ ನೆಲದಿಂದ ಗೇಣು ಮೇಲೆ ನಡೆದ.

ಐದನೇ ತಿಂಗಳಿಗೆ ಆಫೀಸಿಗೊಂದು ಪಾರ್ಸೆಲ್ ಬಂತು. ಒಳಗೆ ಮೊಳದಷ್ಟು ಕ್ಯಾನ್ವಾಸು, ನಡುವೆ ಹೆಬ್ಬೆರಳು ತೂರುವಂಥ ತೂತು. ತೂತಿನ ಸುತ್ತ ಪೆನ್ಸಿಲಿನ ಗೆರೆ ಎಳೆದು ಪಕ್ಕದಲ್ಲಿ ಬರೆದಿತ್ತು: 'ಇದು ನೀವು ಕಳಿಸಿದವರೊಬ್ಬರ ಚಪ್ಪಲಿಯ ಹಿಮ್ಮಡಿ. ಇದು ಪ್ರದರ್ಶನವಲ್ಲ, ನನ್ನ ಮನೆ. ಪಟ್ಟಿ ಬರೆದ ಮಹಾಶಯ ಬಂದು ನೋಡಲಿ.'

ಅವನಿಗೆ ಕಿವಿ ಬಿಸಿಯಾಯಿತು. ಮ್ಯಾನೇಜರು ಮಾತ್ರ ನಕ್ಕರು.

"ಫ್ರೇಮ್ ಹಾಕಿಸು. ಈ ಶನಿವಾರ ಒಂದೇ ಕಂಪನಿಯ ನಲವತ್ತು ಜನ ಹೋಗ್ತಿದ್ದಾರೆ, ನಾನೂ ಬರ್ತೀನಿ. ನೀನು ಶುಕ್ರವಾರವೇ ಹೋಗಿ ಆ ಯಮ್ಮನ್ನ ಸಮಾಧಾನ ಮಾಡಿಡು. ಮುಖ ಗಂಟು ಹಾಕ್ಕೊಂಡು ಕೂತ್ರೆ ಫೋಟೋ ಚೆನ್ನಾಗಿ ಬರಲ್ಲ."

ಆ ಯಮ್ಮನಿಗೆ ಓಣಿಯವರು ಇಟ್ಟ ಹೆಸರು ದಬ್ಬಳದಕ್ಕ. ಹತ್ತೊಂಬತ್ತನೇ ವಯಸ್ಸಿಗೆ ಆ ಮನೆಗೆ ಸೊಸೆಯಾಗಿ ಬಂದವಳು. ಹಾಯಿ ಹೊಲಿಯುತ್ತಿದ್ದದ್ದು ಮಾವ. ಅವರು ಮಗನಿಗೆ ಕಲಿಸಲು ಕೂತರೆ ಮಗ ಕಿಟಕಿಯಾಚೆಯ ಸಮುದ್ರ ನೋಡುತ್ತಿದ್ದ. ದಾರಕ್ಕೆ ಮೇಣ ಹಚ್ಚಿಕೊಡುತ್ತಿದ್ದ ಸೊಸೆ ಹೊಲಿಗೆ ನೋಡುತ್ತಿದ್ದಳು. ಹೀಗೆ ಕಸುಬು ಇವಳ ಕೈಗೆ ಬಂತು, ಗಂಡ ಹಡಗಿಗೆ ಹೋದ. ಹೋದವನು ಇನ್ನೊಂದು ಬಂದರಿನಲ್ಲಿ ಇನ್ನೊಂದು ಸಂಸಾರ ಹೂಡಿದ. ಯಾರಾದರೂ ಆ ಸುದ್ದಿ ಎತ್ತಿದರೆ, "ಎಲ್ಲಿದ್ದಾನೆ ಅಂತ ಗೊತ್ತು, ಅಲ್ಲೇ ಇರಲಿ," ಅನ್ನುತ್ತಿದ್ದಳು, ದಾರ ಕಡಿಯುತ್ತ. ಹಾಯಿಗಳ ಕಾಲ ಮುಗಿದ ಮೇಲೆ ದೋಣಿಗಳಿಗೆ ಹೊದಿಕೆ ಹೊಲಿದಳು. ಹೊಳೆಯಾಚೆ ಯಂತ್ರದಲ್ಲಿ ಹೊಲಿಯುವ ಶೆಡ್ಡುಗಳು ಎದ್ದ ಮೇಲೆ ಗಿರಾಕಿಗಳು ಒಬ್ಬೊಬ್ಬರಾಗಿ ಕಳಚಿಕೊಂಡು, ಅರವತ್ತು ಸಮೀಪಿಸುವ ಹೊತ್ತಿಗೆ ಉಳಿದವನು ಒಬ್ಬನೇ: ದೋಣಿಕಟ್ಟೆಯ ಮೇಸ್ತ್ರಿ.

ಶುಕ್ರವಾರ ಮಧ್ಯಾಹ್ನ ಅವನು ಹೋದಾಗ ಅವಳು ಅದೇ ಬೆಂಚಿನ ಮೇಲೆ, ಅದೇ ದಬ್ಬಳ ಹಿಡಿದು ಕೂತಿದ್ದಳು. ತಲೆ ಎತ್ತಲಿಲ್ಲ.

"ಬಂದ್ಯಾ, ಮಹಾಶಯ."

"ಅಕ್ಕಾ, ನನ್ನಿಂದ ದೊಡ್ಡ ತಪ್ಪಾಯ್ತು…"

"ಅಕ್ಕ ಅನ್ಬೇಡ. ನಿಮ್ಮಮ್ಮನ ಹೊಟ್ಟೇಲಿ ನಾನು ಹುಟ್ಟಿಲ್ಲ."

"ಮತ್ತೆ ಏನಂತ ಕರೀಲಿ?"

"ಕರೀಬೇಡ. ಕರೆಸ್ಕೊಂಡಿರೋಳು ನಾನು." ಕಿಟಕಿಕಟ್ಟೆಯ ಕಡೆ ಗದ್ದ ತೋರಿಸಿದಳು. "ಆ ಪುಸ್ತಕ ತಗೊ. ಓದು."

ತೆಗೆದ. ಅವನ ದುಂಡನೆಯ ಅಕ್ಷರದ ಕೆಳಗೆ ಐದು ತಿಂಗಳ ಜನ ಬರೆದಿದ್ದರು. 'ಸೂಪರ್.' 'ಅಜ್ಜಿ ಸ್ವಲ್ಪ ನಗಬೇಕು.' 'ಕೂರಲು ಕುರ್ಚಿ ಇಡಿ.' 'ಶೌಚಾಲಯ ಎಲ್ಲಿ?' 'ಹೊಲಿಗೆ ನಿಧಾನವಾಯಿತು, ಮಕ್ಕಳಿಗೆ ಬೇಸರ.'

"ಅದು ಏನು ಪುಸ್ತಕ ಗೊತ್ತಾ?"

ಅವನು ಪುಟ ತಿರುಗಿಸಿದ. ಹಿಂದಿನ ಪುಟಗಳಲ್ಲೆಲ್ಲ ಅಂಕಿಗಳು: ಉದ್ದ, ಅಗಲ, ಮೂತಿಯ ಇಳಿಜಾರು, ದೋಣಿಯ ಗುರುತು.

"ಅಳತೆ ಪುಸ್ತಕ. ನಮ್ಮ ಮಾವನವರ ಕಾಲದಿಂದ ಹೀಗೇ ಬರೆದಿಡೋದು, ಅಳೆದ ಜಾಗದಲ್ಲೇ ನಿಂತು. ಮೊದಲು ಗೀಚಿದವನು ನೀನು. ನಿನ್ನ ನೋಡಿ ಇವರು. ಈಗ ಕೊನೇ ಪುಟ ನೋಡು."

ಕೊನೆಯ ಪುಟದಲ್ಲಿ ಬಂದರಿನ ರಕ್ಷಣಾ ದೋಣಿಯ ಅಳತೆ ಇತ್ತು. ಹದಿನೇಳು ಮೀಟರು, ಅದರ ಮುಂದೆ ಏನೋ ಅಂಕಿ. ಆ ಅಂಕಿಯ ಮೇಲೆ ಯಾರೋ ಪ್ರೀತಿಯಿಂದ ಹೃದಯದ ಚಿತ್ರ ಬರೆದು ಒಳಗೆ ಕಪ್ಪಗೆ ತುಂಬಿದ್ದರು.

"ಅದರ ಕೆಳಗೆ ನಲವತ್ತು ಸೆಂಟಿಮೀಟರ್ ಇತ್ತು," ಅಂದಳು. ದನಿ ಏರಲಿಲ್ಲ, ಅದೇ ಅವನಿಗೆ ಹೆದರಿಕೆ. "ನಾನು ಹದಿನೇಳಕ್ಕೇ ಕತ್ತರಿಸಿದೆ. ಹೊದಿಕೆ ದೋಣಿಯ ಹಿಂಭಾಗಕ್ಕೆ ಮುಟ್ಟಲಿಲ್ಲ. ಮೇಸ್ತ್ರಿ ಎಲ್ಲರೆದುರು ಬಿಚ್ಚಿ ತೋರಿಸಿದ. ನಲವತ್ತು ವರ್ಷದಲ್ಲಿ ಒಂದೂ ಹೊದಿಕೆ ವಾಪಸ್ ಬಂದಿರಲಿಲ್ಲ. ಇನ್ನೊಂದು ಹೊಲಿತಿದ್ದೀನಿ. ಸೋಮವಾರ ಬೆಳಿಗ್ಗೆ ಕಟ್ಟಬೇಕು. ಇದೂ ತಪ್ಪಿದರೆ ಕೆಲಸ ಶೆಡ್ಡಿಗೆ ಹೋಗುತ್ತೆ. ಆಮೇಲೆ ನೀನು ಹೇಳಿದ ಹಾಗೆ ನಾನು ಪ್ರದರ್ಶನಕ್ಕೇ ಕೂರಬೇಕು."

ಅವನಿಗೆ ಒಂದು ಉಪಾಯ ಹೊಳೆಯಿತು. ಅವನಿಗೆ ಹೊಳೆಯುವ ಉಪಾಯಗಳ ಮಟ್ಟ ಇಷ್ಟರಲ್ಲೇ ಗೊತ್ತಾಗಿರಬಹುದು.

"ನಾಳೆ ಒಂದು ದಿನ ಬಾಗಿಲು ಹಾಕ್ಕೊಂಡ್ರೆ?"

ಅವಳು ಆಗ ತಲೆ ಎತ್ತಿದಳು.

"ಬಟ್ಟೆ ಹದಿನೇಳೂವರೆ ಮೀಟರ್. ಮನೆ ಹನ್ನೊಂದು. ಹಿಂದಿನ ಬಾಗಿಲು ತೆಗೆದ್ರೆ ಸಮುದ್ರ. ಉಳಿದಿದ್ದನ್ನ ಎಲ್ಲಿ ಇಡ್ಲಿ, ನಿನ್ನ ತಲೆ ಮೇಲಾ?"

ನಿಜ. ಬಟ್ಟೆ ಹೊಸ್ತಿಲು ದಾಟಿ ಓಣಿಗೆ ಚಾಚಿಕೊಂಡಿತ್ತು. ಓಣಿಯವರು ಅದನ್ನು ಬಳಸಿಕೊಂಡು, ಸೈಕಲ್ಲನ್ನೂ ಎತ್ತಿಕೊಂಡು, ತುಟಿ ಪಿಟಕ್ಕೆನ್ನದೆ ಹೋಗುತ್ತಿದ್ದರು. ಮೂರು ತಲೆಮಾರಿನಿಂದ ಆ ಬಾಗಿಲು ತೆರೆದಿದ್ದದ್ದು ಇದೇ ಕಾರಣಕ್ಕೆ. ಅವನು ಕಂಡಿದ್ದ ಹಗ್ಗವೂ ಯಾರನ್ನೂ ತಡೆಯಲಿಕ್ಕಿರಲಿಲ್ಲ. ಹೊದಿಕೆಯ ಅಂಚಿಗೆ ಹೊಲಿಯುವ ಹಗ್ಗವನ್ನು ಮೊದಲು ಎಳೆದು ಬಿಗಿದಿಡದಿದ್ದರೆ, ನೀರು ಬಿದ್ದಾಗ ಮುದುಡಿ ಬಟ್ಟೆಯನ್ನೂ ಮುದುಡಿಸುತ್ತದೆ.

"ಒಂದು ಬೋರ್ಡು ಬರೆದು ಹಾಕಿದ್ರೆ?"

ಮೂಲೆಯಲ್ಲಿ ಮೂರು ಬೋರ್ಡುಗಳಿದ್ದವು. 'ಇದು ಮನೆ.' 'ಒಳಗೆ ಬರಬೇಡಿ.' ಮೂರನೆಯದರಲ್ಲಿ ಬರೆದದ್ದನ್ನು ಇಲ್ಲಿ ಬರೆಯುವಂತಿಲ್ಲ. "ಅದನ್ನ ಹಿಡ್ಕೊಂಡು ಫೋಟೋ ತೆಗೆಸ್ಕೊಂಡ್ರು," ಅಂದಳು. "ಗುಂಪಾಗಿ."

ಅವನು ಓಣಿಯ ತಿರುವಿಗೆ ಹೋಗಿ ಮ್ಯಾನೇಜರಿಗೆ ಫೋನು ಮಾಡಿದ.

"ಸಾರ್, ಹತ್ತೂವರೇದು ತೆಗೆದುಬಿಡೋಣ. ಅದು ನಿಜವಾಗ್ಲೂ ಅವರ ಮನೆ ಸಾರ್."

"ಮನೆ ಅಂತಾನೇ ಜನ ಬರೋದು ಕಣೋ. ಪಟ್ಟಿ ಪ್ರಿಂಟ್ ಆಗಿದೆ. ಬರೆದವನು ನೀನೇ ತಾನೆ? ಇಪ್ಪತ್ತು ನಿಮಿಷಕ್ಕೆ ಆಕಾಶ ಕಳಚಿ ಬೀಳುತ್ತಾ?"

ಐದು ತಿಂಗಳು, ಶನಿವಾರಕ್ಕೆ ಹತ್ತೂವರೆಯಿಂದ ಒಂದರ ಹಿಂದೊಂದು ನಾಲ್ಕು ಗುಂಪು, ಗುಂಪಿಗೆ ಇಪ್ಪತ್ತು ನಿಮಿಷ. ನಿಮಿಷಪ್ಪ ಮನಸ್ಸಿನಲ್ಲೇ ಗುಣಿಸಿದ. ಇಷ್ಟು ವರ್ಷ ಹಂಚಿದ ನಿಮಿಷಗಳು ಯಾರದೋ ಜೇಬಿನಿಂದ ಬರುತ್ತಿದ್ದವೆಂದು ಅವನಿಗೆ ಮೊದಲ ಸಲ ಗೊತ್ತಾಯಿತು. ಮ್ಯಾನೇಜರ ಮೇಲೆ ಸಿಟ್ಟು ಬಂತು. ಆಮೇಲೆ, ಬರೆದವನು ತಾನೇ ಎಂಬ ಮಾತು ಸುಳ್ಳಲ್ಲವಾದ್ದರಿಂದ, ಸಿಟ್ಟು ನೆತ್ತಿಗೇರಿತು.

ಶನಿವಾರ ಹತ್ತೂವರೆಗೆ ಸರಿಯಾಗಿ ಅವರು ಬಂದರು. ಅವನ ಪಟ್ಟಿಗಳ ಪ್ರಕಾರ ಯಾವುದಾದರೂ ಒಂದು ಸರಿಯಾದ ಹೊತ್ತಿಗೆ ನಡೆದದ್ದು ಅದೇ ಮೊದಲು. ನಲವತ್ತು ಜನ, ಒಂದೇ ಬಣ್ಣದ ಟೋಪಿ, ಮುಂದೆ ಮ್ಯಾನೇಜರು. ಅವನು ಅಳತೆ ಪುಸ್ತಕ ಕಂಕುಳಲ್ಲಿಟ್ಟುಕೊಂಡು, ಓಣಿಗೆ ಚಾಚಿದ್ದ ಬಟ್ಟೆಯ ಮುಂದೆ ಕೈ ಅಗಲಿಸಿ ನಿಂತಿದ್ದ. ಒಳಗೆ ದಬ್ಬಳದಕ್ಕ ಬೆನ್ನು ಹಾಕಿ ಹೊಲಿಯುತ್ತಿದ್ದಳು.

"ದಯವಿಟ್ಟು ಅಲ್ಲೇ ನಿಲ್ಲಿ," ಅಂದ. "ಇದು ಪ್ರದರ್ಶನ ಅಲ್ಲ, ಒಬ್ಬರ ಮನೆ. ಪಟ್ಟಿ ಬರೆದವನು ನಾನು. ತಪ್ಪು ನನ್ನದು."

ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು, ಉಳಿದವರೂ ಸೇರಿದರು. "ಚೆನ್ನಾಗಿ ಮಾಡ್ತಾನೆ," ಅಂದ ಒಬ್ಬ. ಮುಂದಿನವರು ಒಂದು ಹೆಜ್ಜೆ ಬಂದರು, ಅವನು ಒಂದು ಹೆಜ್ಜೆ ಹಿಂದೆ ಸರಿದ. ಮ್ಯಾನೇಜರು ಅವನ ಭುಜದ ಮೇಲಿಂದ ಇಣುಕಿ, ಒಳಗೆ ಕೂತವಳಿಗೆ ಸಕ್ಕರೆ ದನಿಯಲ್ಲಿ ಕೇಳಿದರು:

"ಏನಮ್ಮಾ, ಒಂಟಿ ಜೀವ. ಹೀಗೆ ನಾಲ್ಕು ಜನ ಬಂದ್ರೆ ಬೇಜಾರು ಕಳೆಯುತ್ತೆ ಅಲ್ವಾ?"

"ಕಳೆಯೋಕೆ ನನ್ನ ಹತ್ರ ಬೇಜಾರು ಇಲ್ಲ. ಬಟ್ಟೆ ಇದೆ," ಅಂದಿತು ಬೆನ್ನು.

ಜನ ನಕ್ಕರು. ಆ ನಗುವಿಗೆ ಅವನ ತಾಳ್ಮೆ ಹರಿಯಿತು. ಪುಸ್ತಕ ಬಿಚ್ಚಿದ.

"ಓದ್ತೀನಿ, ಕೇಳಿ. 'ಅಜ್ಜಿ ಸ್ವಲ್ಪ ನಗಬೇಕು.' ನೀವು ಆಫೀಸಲ್ಲಿ ಕೆಲಸ ಮಾಡುವಾಗ ಯಾರಾದ್ರೂ ಬಂದು ಹಲ್ಲು ಕಿರಿ ಅಂತಾರಾ? 'ಶೌಚಾಲಯ ಎಲ್ಲಿ?' ನಿಮ್ಮ ಲೆಕ್ಕದ ಕಡತದ ಮೇಲೆ ಯಾರಾದ್ರೂ ಹೀಗೆ ಬರೆದು ಹೋಗ್ತಾರಾ? 'ಬೆಳಕು ಇನ್ನೂ ಸ್ವಲ್ಪ ಇದ್ದರೆ ಒಳ್ಳೆಯದು.' ಇದನ್ನ ಬರೆದ ಕತ್ತೆ ನಾನು. ಇಗೋ ಸಹಿ. ಇದು ಅವರ ಅಳತೆ ಪುಸ್ತಕ. ಈ ಹೃದಯದ ಕೆಳಗೆ ಒಂದು ಅಳತೆ ಸತ್ತಿದೆ. ಅದರಿಂದ ಅವರು ಹೊಲಿದ ಹೊದಿಕೆ ವಾಪಸ್ ಬಂತು. ಸೋಮವಾರದೊಳಗೆ ಇನ್ನೊಂದು ಮುಗಿಸದಿದ್ರೆ ಅವರ ಕಸುಬು ಮುಗಿಯುತ್ತೆ. ನಿಮಗೆ ಇಪ್ಪತ್ತು ನಿಮಿಷ ಬೇಕಾ? ನನ್ನ ಹತ್ರ ತಗೊಳ್ಳಿ. ನನ್ನ ಫೋಟೋ ತೆಗೀರಿ. ಮುಖ ಗಂಟು ಹಾಕ್ಕೊಂಡೇ ನಿಲ್ತೀನಿ."

ದನಿ ಒಡೆದಿತ್ತು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಎತ್ತಿದ್ದ ಫೋನುಗಳು ಒಂದೊಂದಾಗಿ ಇಳಿದವು. ಟೋಪಿಯವರಲ್ಲಿ ಹಿರಿಯಳಂತೆ ಕಾಣುತ್ತಿದ್ದ ಹೆಂಗಸೊಬ್ಬಳು ಮುಂದೆ ಬಂದು ಪುಟವನ್ನೊಮ್ಮೆ ನೋಡಿದಳು, ಬಟ್ಟೆಯನ್ನೊಮ್ಮೆ ನೋಡಿದಳು.

"ತಿರುವಿನಲ್ಲಿ ಟೀ ಅಂಗಡಿ ಕಂಡ ಹಾಗಿತ್ತು," ಅಂದಳು ತನ್ನವರಿಗೆ. "ನಡೀರಿ. ನಾಚಿಕೆಗೇಡು."

ನಡೆದರು. ಕೆಲವರು ಗೊಣಗಿಕೊಂಡು, ಇಬ್ಬರು ತಿರುತಿರುಗಿ ನೋಡಿಕೊಂಡು. ಕೊನೆಗೆ ಉಳಿದ ಮ್ಯಾನೇಜರು ಅವನ ಮೂಗಿನ ಹತ್ತಿರ ಬೆರಳು ತಂದರು. "ಸೋಮವಾರ ನನ್ನ ರೂಮಿಗೆ ಬಾ. ನಿನಗೆ ಎಷ್ಟು ನಿಮಿಷ ಕೊಡ್ಬೇಕು ಅಂತ ನಾನೂ ಪಟ್ಟಿ ಹಾಕ್ತೀನಿ." ಹೇಳಿ ಟೋಪಿಗಳ ಹಿಂದೆ ಓಡಿದರು.

ಓಣಿ ಖಾಲಿಯಾಯಿತು. ಒಳಗಿನಿಂದ ದಪ್ಪ ಬಟ್ಟೆಯೊಳಗೆ ದಾರ ಎಳೆಯುವ ಸದ್ದೊಂದೇ. ಅವನು ಅಲ್ಲೇ ನಿಂತಿದ್ದ, ಕೆಲಸ ಬಹುಶಃ ಹೋಯಿತು, ಆದರೆ ಒಂದು ಮಾತಾದರೂ ಬರುತ್ತದೆ ಎಂದು. ಭೇಷ್ ಎನ್ನದಿದ್ದರೂ, ಒಂದು ಲೋಟ ನೀರು ಬೇಕಾ ಎಂದಾದರೂ. ಬರಲಿಲ್ಲ. ದಬ್ಬಳದಕ್ಕ ಹೊಲಿದು ಮುಗಿಸಿದ ಭಾಗವನ್ನು ಹಿಂದಕ್ಕೆ ಸರಿಸಿ, ಹೊರಗಿನ ತುದಿಯನ್ನು ಒಳಕ್ಕೆ ಎಳೆದುಕೊಳ್ಳಲು ನೋಡಿದಳು. ಬಟ್ಟೆ ಬರಲಿಲ್ಲ. ಇನ್ನೊಮ್ಮೆ ಜಗ್ಗಿದಳು. ಆಮೇಲೆ ಮೆಲ್ಲಗೆ ತಿರುಗಿ ಅವನನ್ನು ನೋಡಿದಳು.

ಅದನ್ನು ಅವನು ಕೃತಜ್ಞತೆ ಎಂದುಕೊಂಡ. ಗಂಟಲು ಸರಿಮಾಡಿಕೊಂಡು, ಕೇಳಬಾರದ್ದನ್ನು ಕೇಳಿಯೇಬಿಟ್ಟ:

"ಈಗಲಾದ್ರೂ ನನ್ನ ಮೇಲಿನ ಸಿಟ್ಟು ಹೋಯ್ತಾ?"

"ಇಲ್ಲ," ಅಂದಳು. "ಕಾಲು ತೆಗಿ. ಬಟ್ಟೆ ಮೇಲೆ ನಿಂತಿದ್ದೀಯ."