ಸೋಮವಾರದ ಮಳೆ

ಅಲ್ಲಪ್ಪ ಇಪ್ಪತ್ತೆರಡು ವರ್ಷ ಯಡ್ರಾವದ ಪಾವರ್‌ಲೂಮಿನಲ್ಲಿ ದುಡಿದವನು. ಮಗ್ಗದ ಸದ್ದಿಗೆ ಕಿವಿ ಮಂದವಾದ ಮೇಲೆ ಗಡಹಿಂಗ್ಲಜದ ಹತ್ತಿರ, ಹೆಂಡತಿ ಹಾಲವ್ವನ ಊರಿಗೆ ಬಂದ. ಅಲ್ಲಿನ ಗುಡ್ಡದ ಬುಡದಲ್ಲಿ ಕಾಡ್ಗಿಚ್ಚಿನ ಅಪಾಯವನ್ನು ಮುಂಚಿತವಾಗಿ ತಿಳಿಸುವ ವ್ಯವಸ್ಥೆಯೊಂದರ ಪರೀಕ್ಷೆ ನಡೆದಿತ್ತು. ಕಂಬದ ಮೇಲಿನ ಉಪಕರಣಗಳು ಬಿಸಿಲು, ಗಾಳಿ, ತೇವ, ಮಳೆಯನ್ನು ಅಳೆದು ಕೊಲ್ಹಾಪುರಕ್ಕೆ ಕಳಿಸುತ್ತಿದ್ದವು. ಬೆಳಗಿನ ಎಂಟಕ್ಕೆ ಅಲ್ಲಪ್ಪನ ಮೊಬೈಲಿಗೆ ಒಂದು ಬಣ್ಣ ಬರುತ್ತಿತ್ತು. ಅದೇ ಬಣ್ಣದ ಬಾವುಟ ಏರಿಸುವುದು ಅವನ ಕೆಲಸ. ಹಸಿರಾದರೆ ಹೆಂಗಸರು ಹುಲ್ಲು ಕೊಯ್ಯಲು ಗುಡ್ಡ ಹತ್ತುತ್ತಿದ್ದರು. ಕೆಂಪಾದರೆ ಇಲ್ಲ.

ಅನ್ನ ಕೊಡುವ ಯಂತ್ರವನ್ನು ವಾರಕ್ಕೊಮ್ಮೆ ತೊಳೆದು ವಿಭೂತಿ ಹಚ್ಚುವುದು ಅವನಿಗೆ ಮಗ್ಗದ ಕಾಲದ ರೂಢಿ. ಪ್ರತಿ ಸೋಮವಾರ ಬೆಳಗಿನ ಏಳಕ್ಕೆ ಕಂಬ ಒರೆಸಿ, ಮಳೆ ಅಳೆಯುವ ಬಟ್ಟಲಿಗೆ ಸಣ್ಣ ಗಿಂಡಿಯಲ್ಲಿ ನೀರೆರೆಯುತ್ತಿದ್ದ. ಮೋಡವಿಲ್ಲದೆ ಬಿದ್ದ ನೀರನ್ನು ಅದು ಮಳೆಯೆಂದು ಹಿಡಿಯಲಿಕ್ಕಿಲ್ಲ ಎಂದುಕೊಂಡಿದ್ದ.

"ನನ್ನ ತಲಿಮ್ಯಾಲೆ ಎಂದರ ಒಂದು ತಂಬಿಗಿ ನೀರ ಹಾಕೀರೇನ್ರಿ? ಆ ಡಬ್ಬಿಗಿ ಮಾತ್ರ ವಾರಾ ವಾರಾ ಜಳಕ!" ಎಂದು ಹಾಲವ್ವ ಚುಚ್ಚುತ್ತಿದ್ದಳು.

ಮಾರ್ಚಿನ ಕೊನೆಯ ಸೋಮವಾರವೂ ಹಸಿರು ಬಂತು. ಹಾಲವ್ವ ಇನ್ನೂ ನಾಲ್ವರೊಡನೆ ಗುಡ್ಡ ಹತ್ತಿದಳು. ಹನ್ನೊಂದರ ಹೊತ್ತಿಗೆ ಅಲ್ಲಪ್ಪ ಸುಮ್ಮನೆ ಒಂದು ಹಿಡಿ ಹುಲ್ಲು ಕಿತ್ತು ಹಿಸುಕಿದ. ಪುಡಿಯಾಯಿತು. ಕೂಡಲೇ ವ್ಯವಸ್ಥೆಯ ಉಸ್ತುವಾರಿ ನೋಡುವ ಪ್ರಾಜಕ್ತಾಗೆ ಫೋನ್ ಮಾಡಿದ.

"ಮ್ಯಾಡಂ, ಹುಲ್ಲು ಹಪ್ಪಳದಂಗ ಮುರಿಯಾಕತ್ತೈತಿ. ಹಸಿರ ಹೆಂಗ ಬಂತ್ರಿ?"

"ಮುಂಜಾನೆ ಏಳಕ್ಕ ನಿಮ್ಮಲ್ಲಿ ಆರು ಮಿಲಿಮೀಟರ ಮಳಿ ಆಗೇತಲ್ಲ ಕಾಕಾ."

"ಅದು ಮಳಿ ಅಲ್ರಿ. ನಾ ಹಾಕಿದ ನೀರ."

"ಮೊದಲ ಹೆಂಗಸರನ್ನ ಕೆಳಗ ಕರೀರಿ, ಓಡ್ರಿ!"

ಅಷ್ಟರಲ್ಲಿ ಗುಡ್ಡದ ಆಚೆ ಹೊಗೆ ಎದ್ದಿತ್ತು. ಒಣಹುಲ್ಲು ಸುಟ್ಟರೆ ಮಳೆಗೆ ಹೊಸದು ದಟ್ಟವಾಗಿ ಬರುತ್ತದೆಂದು ಯಾರೋ ಎಂದಿನಂತೆ ಕಡ್ಡಿ ಗೀರಿದ್ದರು. ಬೆಂಕಿ ಬೀಳದಂತೆ ಕಾಯುವ ಪಡೆ ಹಸಿರನ್ನು ನಂಬಿ ಬೇರೆ ಗುಡ್ಡಕ್ಕೆ ಹೋಗಿತ್ತು. ಅಲ್ಲಪ್ಪ ಕೆಂಪು ಬಾವುಟ ಹಿಡಿದು ಓಡಿದ. ನಾಲ್ವರು ಹೊರೆ ಬಿಸಾಕಿ ಇಳಿದು ಬಂದರು. ಹಾಲವ್ವ ಇರಲಿಲ್ಲ. ಅವನು ಕೂಗಿದ, ನಿಂತ, ಮತ್ತೆ ಕೂಗಿದ. ಅವಳು ಓಗೊಟ್ಟಿದ್ದರೂ ಅವನಿಗೆ ಕೇಳಿಸುವಂತಿರಲಿಲ್ಲ. ಬೆಂಕಿ ದಾಟಿ ಹೋದ ಮೇಲೆ, ಎರಡು ಬಂಡೆಗಳ ನಡುವೆ ಅವಳು ಸಿಕ್ಕಳು. ಉಸಿರಿತ್ತು.

ಒಂಬತ್ತನೆಯ ದಿನ, ಕೊಲ್ಹಾಪುರದ ಆಸ್ಪತ್ರೆ. ಹಾಲವ್ವ ಬದುಕುತ್ತಾಳೆಂದು ಯಾರೂ ಹೇಳಿರಲಿಲ್ಲ. ಪ್ರಾಜಕ್ತಾ ದಿನದಿನದ ಮಳೆಯ ಪಟ್ಟಿ ಹಿಡಿದು ಬಂದು, ಅಲ್ಲಪ್ಪನ ಪಕ್ಕದಲ್ಲಿ ಕುಳಿತಳು.

"ತಪ್ಪು ನಂದೂ ಐತಿ ಕಾಕಾ. ಮಳಿ ಎಷ್ಟು ಅಂತ ನೋಡಿದೆ, ಯಾವ ವಾರ ಅಂತ ನೋಡಲಿಲ್ಲ. ಸುಳ್ಳ ಮಳಿ ತಗದು ಮತ್ತ ಲೆಕ್ಕಾ ಹಾಕಬೇಕು. ಯಾವ್ಯಾವು ಹೇಳ್ತೀರೇನ್ರಿ?"

"ಎಲ್ಲಾ ಸೋಮವಾರ ಹೊಡದು ಹಾಕ್ರಿ. ಒಂದೂ ಬಿಡಬ್ಯಾಡ್ರಿ."

ಅವಳು ಒಂದೊಂದಕ್ಕೇ ಗೀಟು ಎಳೆಯತೊಡಗಿದಳು. ಒಂದು ಸಾಲಿನ ಮೇಲೆ ಅವನು ಬೆರಳಿಟ್ಟು ತಡೆದ.

"ಇದ ಇರಲಿ. ಅವತ್ತ ಖರೇನ ಮಳಿ ಬಂದಿತ್ರಿ. ಆಕಿ ಒಣಗಾಕ ಇಟ್ಟ ಸಗಣಿ ಕುಳ್ಳು ಒಳಗ ತರಾಕ ಹೋಗಿ ಪೂರಾ ತೊಯ್ಸಿಕೊಂಡಿದ್ಲು."