ಅರಗು ಕಾಯಿಸಿದ ಮಧ್ಯಾಹ್ನ

ಮಧ್ಯಾಹ್ನ ಮೂರೂ ಹತ್ತಕ್ಕೆ ಶೈಲಾಳ ಅಪ್ಪನ ಕೈಗೆ ಬೆಂಕಿ ಹತ್ತಿತು. ಭೂವಿಜ್ಞಾನದಲ್ಲಿ ಸಂಶೋಧನೆ ಮಾಡುತ್ತಿದ್ದ ನನ್ನ ಗೆಳತಿ ಶೈಲಾ, ತೈಲಬಾವಿಯ ಆಳದಿಂದ ತೆಗೆದ ಮರಳುಗಲ್ಲಿನ ಚೂರೊಂದನ್ನು ಸೂಕ್ಷ್ಮದರ್ಶಕದಡಿ ನೋಡಲೆಂದು ಗಾಜಿಗೆ ಅಂಟಿಸಿ ತೆಳ್ಳಗೆ ಉಜ್ಜಲು ಚನ್ನಪಟ್ಟಣದ ತಮ್ಮ ಬೊಂಬೆ ಕಾರ್ಖಾನೆಗೆ ತಂದಿದ್ದಳು. ಅದರ ಕಣಗಳೊಳಗೆ ಸಿಕ್ಕಿಬಿದ್ದ, ಕಣ್ಣಿಗೆ ಕಾಣದ ಎಣ್ಣೆಹನಿಗಳಿಂದ ನೆಲದಡಿ ತೈಲ ಹರಿದ ದಾರಿ ತಿಳಿಯುತ್ತದಂತೆ. ಅವಳ ಬಳಿ ಬೇರೆ ಚೂರು ಇರಲಿಲ್ಲ. ಹೊರಗಿನ ಜಿಡ್ಡು ಹೋಗಲೆಂದು ಅದನ್ನು ಬಣ್ಣಕ್ಕೆ ಬೆರೆಸುವ ಥಿನ್ನರ್‌ನಲ್ಲಿ ಅದ್ದಿ, ಒರೆಸಿಟ್ಟು, ಕೈ ತೊಳೆಯಲು ಹಿತ್ತಿಲಿಗೆ ಹೋದಳು.

“ಬರೀ ಗಮ್ಮಲ್ಲಿ ನಿಲ್ಲಾಕಿಲ್ಲ ಕಣಮ್ಮ, ಒಸಿ ಅರಗು ಕಾಯ್ಸಿ ಕೂರಿಸ್ಬುಡ್ತೀನಿ” ಎಂದು ಅವಳಪ್ಪ, ಅವಳ ಜೊತೆ ಬಂದಿದ್ದ ನನಗೆ ಹೇಳಿದರು. ಅರಗು ಹಿಡಿಯಲೆಂದು ಮೊದಲು ಕಲ್ಲನ್ನೇ ಬೆಚ್ಚಗೆ ಮಾಡಲು ಕೆಂಡದ ಮೇಲೆ ಹಿಡಿದರು. ಒರೆಸಿದ್ದರೂ ಕಲ್ಲು ಒಳಗೆಲ್ಲ ಥಿನ್ನರ್ ಹೀರಿಕೊಂಡಿತ್ತು. ಜ್ವಾಲೆ ಮೊಣಕೈವರೆಗೆ ಏರಿತು. ನಾನು ಗೋಣಿಚೀಲ ಸುತ್ತಿ ಆರಿಸುವವರೆಗೂ ಅವರು ಮಗಳ ಕಲ್ಲನ್ನು ಬಿಡಲಿಲ್ಲ.

ಆಸ್ಪತ್ರೆಯಲ್ಲಿ ಅವರು ಕೇಳಿದ್ದು ಒಂದೇ: “ನಿನ್ ಎಣ್ಣೆ ಉಳ್ಕಂತೇನವ್ವ?”

“ಐತೆ ಕಣಪ್ಪ, ಏನೂ ಆಗಿಲ್ಲ” ಎಂದಳು ಶೈಲಾ. ಶಾಖಕ್ಕೆ ಹನಿಗಳೆಲ್ಲ ಒಡೆದುಹೋಗಿವೆ ಎಂದು ಹೊರಗೆ ಬಂದು ನನಗೆ ಹೇಳಿದಳು.

ಆಮೇಲೆ ಕಣ್ಣು ಮುಚ್ಚಿದರೆ ನನಗೆ ಅದೇ ಜ್ವಾಲೆ. ಮೊದಲ ಸಲ ಬೆಳಗಿನವರೆಗೆ ನಿದ್ದೆ ಬಂದದ್ದು ಅವರ ಬ್ಯಾಂಡೇಜ್ ಬಿಚ್ಚಿದ ದಿನದ ರಾತ್ರಿ. ಬೊಂಬೆ ಕಡೆಯುವ ಉಳಿ ಹಿಡಿಯಲು ಅವರ ಬೆರಳುಗಳು ಮಡಚಿಕೊಳ್ಳಲೇ ಇಲ್ಲ. ಕೈ ಸರಿಹೋದೀತೇ ಎಂದು ಇನ್ನು ಕಾಯುವಂಥದ್ದೇನೂ ಇರಲಿಲ್ಲ.