ಕಟ್ಟೆಯ ದೀಪ ಸುಳ್ಳು ಹೇಳಲಿಲ್ಲ

ಸಾರ್ವಜನಿಕ ಸೇವೆಯೆಂಬ ಮಾತನ್ನು ವೇದಿಕೆಗಳಲ್ಲಿ ಸವೆಸಿ ಅಗ್ಗವಾಗಿಸಿರುವ ಈ ಕಾಲದಲ್ಲಿ, ನಮ್ಮ ಗ್ರೋಶ್ಯಾರ್ ದ್ವೀಪದ ಅಂಗಡಿ, ಅಂಚೆ, ಔಷಧ ವಿತರಣೆ, ದೋಣಿಕಟ್ಟೆ ಇವಿಷ್ಟನ್ನೂ ನಡೆಸಿ ಈಗ ನಿವೃತ್ತರಾಗುತ್ತಿರುವ ಶ್ರೀಮತಿ ಸಿಗ್ನಿ ಹೊಲ್ಮೆವಿಕ್ ಅವರು ಆ ಮಾತಿನ ಮಾನ ಉಳಿಸಿದವರು.

ತಂದೆಯವರ ಕಾಲಾನಂತರ ಎಳೆಯ ವಯಸ್ಸಿನಲ್ಲೇ ಅವರು ಅಂಗಡಿ ವಹಿಸಿಕೊಂಡರು. ನಾನು ಇಲ್ಲಿನ ಶಾಲೆಗೆ ಶಿಕ್ಷಕನಾಗಿ ಬಂದ ವರ್ಷ ನನ್ನ ಪತ್ನಿ ಹಾಸಿಗೆ ಹಿಡಿದಾಗ, ಔಷಧದೊಡನೆ ಬಿಸಿ ಮೀನಿನ ಸಾರನ್ನೂ ಹೊತ್ತು ಮಂಜುಗಟ್ಟಿದ ದಾರಿಯಲ್ಲಿ ಬರುತ್ತಿದ್ದರು; ಕೃತಜ್ಞತೆಯ ಮಾತಿಗೆ ಎಡೆಗೊಡದೆ ಬಾಗಿಲಿನಿಂದಲೇ ಹಿಂದಿರುಗುತ್ತಿದ್ದರು.

ಅವರ ಹಿರಿಮೆ ಪೂರ್ಣವಾಗಿ ಬೆಳಗಿದ್ದು ಸಾರಿಗೆ ಕಚೇರಿ ಆ ಅನ್ಯಾಯದ ನಿಯಮ ತಂದ ಚಳಿಗಾಲದಲ್ಲಿ. ಹತ್ತುವವರಿದ್ದರೆ ಕಟ್ಟೆಯಲ್ಲಿ ದೀಪ ಹಾಕಬೇಕು; ಅದು ಉರಿದರಷ್ಟೇ ದೋಣಿ ನಿಲ್ಲುವುದು. ದೀಪ ಉರಿಯದ ದಿನಗಳು ಹೆಚ್ಚಾದರೆ ನಿಲುಗಡೆಯೇ ರದ್ದು. ದೋಣಿ ಹೋದರೆ ಅಂಗಡಿ ಹೋಗುತ್ತದೆ, ಅಂಗಡಿ ಹೋದರೆ ಶಾಲೆ ಹೋಗುತ್ತದೆ ಎಂಬುದು, ಬೆಚ್ಚನೆಯ ಕೋಣೆಯಲ್ಲಿ ಕುಳಿತು ನಕ್ಷೆಯ ಮೇಲೆ ಗೆರೆ ಹೊಡೆಯುವವರಿಗೆ ತಿಳಿಯದ ಸಂಗತಿಯೇ? ತಿಳಿದೂ ಹೊಡೆದರು, ನನ್ನ ಸಿಟ್ಟು ಇರುವುದು ಅಲ್ಲಿ.

ಅಂದು ಅಂಗಡಿಯಲ್ಲಿ ಕಾಫಿ ಕುಡಿಯುತ್ತ ಕುಳಿತಿದ್ದ ಹಳೆಯ ಮೀನುಗಾರ ಯೋಸ್ತೈನ್ ಸಲಹೆ ಕೊಟ್ಟರು: “ದಿನಾ ದೀಪ ಹಾಕ್ಬಿಡು ಸಿಗ್ನಿ. ಜನ ಇದ್ರೇನು, ಇಲ್ದಿದ್ರೇನು? ಯಾರು ಬಂದು ನೋಡ್ತಾರೆ?”

“ದೋಣಿಯವ್ನು ನೋಡ್ತಾನಪ್ಪಾ! ಆ ಅಲೆಯಲ್ಲಿ ಅವನನ್ನ ಸುಮ್ಸುಮ್ನೆ ಒಳಗೆ ಕರೆಸ್ಲಾ? ಸುಳ್ಳು ದೀಪ ನಾನು ಹಾಕಲ್ಲ. ನಾಳೆ ನೀನೇ ದೋಣಿ ಹತ್ತು. ನಿನ್ನ ತಲೆ ನೋಡಿದ್ರೆ ಕುರಿಗಳೂ ನಗ್ತವೆ, ಕಟಿಂಗ್ ಮಾಡಿಸ್ಕೊಂಡು ಬಾ.”

“ನಾಡಿದ್ದು?”

“ನಾಡಿದ್ದು ಮೇಷ್ಟ್ರು. ಮಕ್ಕಳಿಗೆ ಈಜು ಕಲಿಸ್ತೀನಿ ಅಂತ ಹೇಳ್ಕೊಂಡೇ ಮುದುಕ್ರಾಗ್ತಿದ್ದಾರೆ.”

ಊರಿನ ರಸ್ತೆಯನ್ನೂ ದೋಣಿಕಟ್ಟೆಯನ್ನೂ ಎಲ್ಲರೂ ಕೈಜೋಡಿಸಿ ದುರಸ್ತಿ ಮಾಡುವ ನಮ್ಮ ವಾಡಿಕೆ ಹೀಗೆ ದೋಣಿಯನ್ನೇರಿತು. ಸರದಿಯಂತೆ ಒಬ್ಬರು ಹಲ್ಲಿನ ವೈದ್ಯರಲ್ಲಿಗೆ, ಇನ್ನೊಬ್ಬರು ತಂಗಿಯ ಮನೆಗೆ, ನಾನು ಮಕ್ಕಳೊಡನೆ ಈಜುಕೊಳಕ್ಕೆ ಹೋದೆವು. ಯೋಸ್ತೈನ್ ಅವರ ತಲೆಯಲ್ಲಿ ವಸಂತದ ವೇಳೆಗೆ ಕತ್ತರಿಸಲು ಕೂದಲೇ ಉಳಿಯಲಿಲ್ಲ. ದೀಪ ದಿನವೂ ಉರಿಯಿತು. ಒಂದು ದಿನವೂ ಸುಳ್ಳಾಗಲಿಲ್ಲ. ನಿಲುಗಡೆ ಉಳಿಯಿತು.

ಆ ದೋಣಿಯಲ್ಲೇ ಕಳೆದ ತಿಂಗಳು ಯುವ ದಂಪತಿ ಇಬ್ಬರು ಮಕ್ಕಳೊಡನೆ ಬಂದಿಳಿದು ಅಂಗಡಿಯ ಬೀಗದಕೈ ಪಡೆದಿದ್ದಾರೆ. ನನ್ನ ತರಗತಿಗೆ ಎರಡು ಹೊಸ ಕುರ್ಚಿಗಳು ಬೇಕಾಗಿವೆ.

ಇಷ್ಟು ವರ್ಷ ಎಲ್ಲರನ್ನೂ ಹತ್ತಿಸಿ ಹಗ್ಗ ಬಿಚ್ಚಿದ ಸಿಗ್ನಿಯವರ ಸರದಿ ಮಾತ್ರ ಬರಲೇ ಇಲ್ಲ. ಅವರು ಆರೋಗ್ಯದಿಂದ ಬಹುಕಾಲ ಬಾಳಲಿ, ನಮ್ಮ ಸೋಮಾರಿತನವನ್ನು ಇನ್ನೂ ಬಹುಕಾಲ ಗದರಿಸುತ್ತಿರಲಿ. ಬರುವ ಸೋಮವಾರ ದೋಣಿ ಹತ್ತುವ ಸರದಿ ಅವರದು. ಹಗ್ಗವನ್ನು ನಾವು ಹಿಡಿಯುತ್ತೇವೆ. ಅವರು ಮರಳುವ ಸಂಜೆಗೂ ಕಟ್ಟೆಯಲ್ಲಿರುತ್ತೇವೆ.